ಕ್ಯಾರವಾನಿಗೊಂದು ಜಗಲಿ

ಅಪರಾಧಗಳಲ್ಲಿ ಎಷ್ಟು ವಿಧ ಎಂದು ಕಾನೂನು ಓದಿದವರನ್ನು ಕೇಳಿದರೆ ದೊಡ್ಡ ಪಟ್ಟಿಯನ್ನೇ ಕೊಟ್ಟಾರು. ಕದಿಯುವುದು, ಹೊಡೆಯುವುದು, ಇನ್ನೊಬ್ಬರ ಸಹಿ ಹಾಕುವುದು ಎಲ್ಲವೂ ಅದರಲ್ಲಿರುತ್ತದೆ. ಮಲಗುವುದು ಇರುತ್ತದೆಯೇ? ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆ ಒಂದು ಅಪರಾಧವನ್ನು ನಾನು ಸೌದಿಯಲ್ಲಿ ಏಳು ವರ್ಷ, ಶುಕ್ರವಾರಕ್ಕೂ ರಜೆ ಹಾಕದೆ, ಶ್ರದ್ಧೆಯಿಂದ ಮಾಡಿದ್ದೇನೆ. ನಾನು ಸಿಗರೇಟು ಸೇದಿದವನಲ್ಲ, ಕೆಂಪು ದೀಪ ದಾಟಿದವನಲ್ಲ, ಸಾಲಿನಲ್ಲಿ ಮುಂದೆ ನುಗ್ಗಿದವನೂ ಅಲ್ಲ. ಮಲಗಿದೆ, ಅಷ್ಟೇ. ಮಲಗಿದ ಜಾಗ ಸರಿ ಇರಲಿಲ್ಲ.

ಉನೈಜಾ ಪಟ್ಟಣದ ಹೊರಗೆ ಅಬೂ ರಾಶಿದ್‌ನ ಖರ್ಜೂರದ ತೋಟವಿದೆ. ಅಬೂ ರಾಶಿದ್ ಎಂದರೆ ನನ್ನ ಕಫೀಲ್, ನನ್ನನ್ನು ಈ ದೇಶಕ್ಕೆ ಕರೆಸಿಕೊಂಡು ಅಕೌಂಟೆಂಟ್ ಕೆಲಸಕ್ಕಿಟ್ಟ ಯಜಮಾನ. ತೋಟದ ಮೂಲೆಯಲ್ಲಿ ಖರ್ಜೂರ ಪ್ಯಾಕ್ ಮಾಡುವ ಶೆಡ್ಡು, ಅದರ ಪಕ್ಕದಲ್ಲಿ ಆಡುಗಳ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಒಂದು ಕ್ಯಾರವಾನ್. ಕ್ಯಾರವಾನ್ ಎಂದ ಕೂಡಲೇ ಊರಿನವರಿಗೆ ಚಕ್ರ, ಬೆಟ್ಟ, ಪ್ರವಾಸ ಎಲ್ಲ ಕಣ್ಣ ಮುಂದೆ ಬರುತ್ತದೆ. ನನ್ನದು ಹಾಗಲ್ಲ. ರಸ್ತೆ ಮಾಡುವ ಯಾವುದೋ ಕಂಪನಿ ಕ್ಯಾಂಪ್ ಎತ್ತುವಾಗ ಮಾರಿಹೋದ ತಗಡಿನ ಪೆಟ್ಟಿಗೆ. ಒಂದು ಬಾಗಿಲು, ಎರಡು ಕಿಟಕಿ, ಒಂದು ಎ.ಸಿ. ಆ ಎ.ಸಿ. ಶುರುವಾದರೆ ಒಳಗಿದ್ದವರು ಕೈಸನ್ನೆಯಲ್ಲಿ ಮಾತಾಡಬೇಕು. ಒಬ್ಬನೇ ಇದ್ದುದರಿಂದ ನನಗೆ ಅದರಿಂದ ತೊಂದರೆಯಾಗಲಿಲ್ಲ.

ನನಗೆ ಅರ್ಥವಾದಷ್ಟು ಕಾನೂನು ಇದು. ಕೃಷಿ ಭೂಮಿಯಲ್ಲಿ ಸಲಕರಣೆ ಇಡಲು ಕ್ಯಾರವಾನ್ ಇಟ್ಟರೆ ಯಾರೂ ಕೇಳುವುದಿಲ್ಲ. ಅದರಲ್ಲಿ ಮನುಷ್ಯ ವಾಸ ಮಾಡಬೇಕಾದರೆ ಬಲದಿಯದ, ಅಂದರೆ ಅಲ್ಲಿಯ ಪುರಸಭೆಯ, ಪರವಾನಗಿ ಬೇಕು. ಪಂಪಿನ ಬಿಡಿಭಾಗ ಮಲಗಬಹುದು, ಗೊಬ್ಬರದ ಚೀಲ ಮಲಗಬಹುದು, ಅಕೌಂಟೆಂಟ್ ಮಲಗಬಾರದು. ಆಡುಗಳ ಕೊಟ್ಟಿಗೆಗೆ ಪರವಾನಗಿ ಇತ್ತು. ನಲವತ್ತು ಆಡುಗಳು ಯಾರ ಭಯವೂ ಇಲ್ಲದೆ ಕಾನೂನುಬದ್ಧವಾಗಿ ನಿದ್ದೆ ಮಾಡುತ್ತಿದ್ದವು. ಆ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ಫೈಲಿನಲ್ಲಿ ಜೋಪಾನ ಮಾಡಿದವನು ನಾನೇ.

ನಮ್ಮ ಕ್ಯಾರವಾನಿಗೂ ಒಂದು ಪರವಾನಗಿ ಮಾಡಿಸೋಣ ಎಂದು ಮೊದಲ ವರ್ಷವೇ ಹೇಳಿದ್ದೆ. ಅಬೂ ರಾಶಿದ್ "ಬುಕ್ರಾ" ಎಂದ. ನಾಳೆ. ಗಲ್ಫಿಗೆ ಬಂದವನು ಮೊದಲು ಕಲಿಯುವ ಮಾತು ಇದು, ಕೊನೆಗೆ ಅರ್ಥವಾಗುವ ಮಾತೂ ಇದೇ. ಏಳು ವರ್ಷ ನಾನು ಆ ನಾಳೆಯ ಹಿಂದಿನ ದಿನದಲ್ಲೇ ಬದುಕಿದೆ. ಹಾಗೆಂದು ಅಬೂ ರಾಶಿದ್ ಕೆಟ್ಟವನಲ್ಲ. ತೊಂದರೆ ಇರುವುದು ಅಲ್ಲೇ. ಶುಕ್ರವಾರ ಮನೆಯಿಂದ ಅನ್ನ, ಮಾಂಸ ತಟ್ಟೆಗಟ್ಟಲೆ ಕಳಿಸುತ್ತಿದ್ದ. ಜ್ವರ ಬಂದಾಗ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಿದ್ದ. ಕೆಟ್ಟ ಯಜಮಾನನ ಜೊತೆ ಜಗಳವಾಡಬಹುದು, ಎಂಬಸಿಗೆ ಹೋಗಬಹುದು, ಊರಿಗೆ ಫೋನ್ ಮಾಡಿ ಶಪಿಸಬಹುದು. ಒಳ್ಳೆಯವನ ಎದುರು ಏನು ಮಾಡುತ್ತೀರಿ? ಬಾಯಿ ತುಂಬ ಅವನ ಅನ್ನ ಇರುವಾಗ ಪರವಾನಗಿ ಎಂಬ ಶಬ್ದ ಹೊರಡುವುದಿಲ್ಲ.

ಹಾಗಾಗಿ ನಾವು ಒಂದು ವ್ಯವಸ್ಥೆ ಮಾಡಿಕೊಂಡಿದ್ದೆವು. ನಾವು ಎಂದರೆ ನಾನು ಮತ್ತು ಮುನೀರ್ ಭಾಯಿ. ಬಾಂಗ್ಲಾದೇಶದವರು, ಐವತ್ತು ದಾಟಿದ ತೋಟಗಾರ, ಪಂಪಿನ ಕೋಣೆಯಲ್ಲಿ ಇರುತ್ತಿದ್ದರು. ಪಂಪಿಗೆ ಕಾವಲು ಬೇಕೇ ಬೇಕು ಎಂದು ಅವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಬಲದಿಯದ ಬಿಳಿ ಪಿಕಪ್ ತೋಟದ ಗೇಟಿಗೆ ತಿರುಗಿದ ಕೂಡಲೇ ಮುನೀರ್ ಭಾಯಿ ಬಕೆಟನ್ನು ಮೂರು ಸಲ ಬಡಿಯುತ್ತಿದ್ದರು. ಗೇಟಿನಿಂದ ಕ್ಯಾರವಾನಿಗೆ ಬರಲು ಪಿಕಪ್ಪಿಗೆ ಆರು ನಿಮಿಷ ಬೇಕು. ಅಷ್ಟರೊಳಗೆ ಹಾಸಿಗೆ ಸುತ್ತಿ ಮಂಚದ ಮೇಲೆ ಗೊಬ್ಬರದ ಚೀಲ ಏರಿಸಬೇಕು, ದಿಂಬು ಖರ್ಜೂರದ ಪೆಟ್ಟಿಗೆಯೊಳಗೆ, ಲುಂಗಿ ಪೈಪಿನ ಸುರುಳಿಯ ಹಿಂದೆ, ಹಲ್ಲುಜ್ಜುವ ಬ್ರಷ್ ಅಂಗಿಯ ಜೇಬಿಗೆ. ಆಮೇಲೆ ನಾನು ಕೈಯಲ್ಲಿ ಫೈಲು ಹಿಡಿದು, ಈಗಷ್ಟೇ ಸ್ಟಾಕ್ ನೋಡಲು ಬಂದವನಂತೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಇಲ್ಲಿ ಯಾರು ವಾಸ?" ಎಂದು ಅವರು ಕೇಳುವುದು, "ಮಾ ಫೀ ನಫರ್" ಎಂದು ನಾನು ಹೇಳುವುದು. ಯಾರೂ ಇಲ್ಲ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತ್ತು. ಆಮೇಲಾಮೇಲೆ ಸಲಾಂ ಹೇಳಿದಷ್ಟೇ ಸಲೀಸಾಯಿತು. ವರ್ಷಕ್ಕೆ ಎರಡು ಮೂರು ಸಲ ನಾನು ನನ್ನ ಬಾಯಿಂದಲೇ ನಾನಿಲ್ಲವೆಂದು ಸಾಕ್ಷಿ ಹೇಳಿದ್ದೇನೆ, ಮತ್ತು ಪ್ರತಿ ಸಲವೂ ಅವರು ನಂಬಿ ಹೋಗಿದ್ದಾರೆ.

ಹೀಗೆಯೇ ಇದ್ದು ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಏಳನೆಯ ವರ್ಷ ನನ್ನ ಹೆಂಡತಿ ರುಕಿಯಾಳಿಗೆ ಮೂರು ತಿಂಗಳ ವಿಸಿಟ್ ವಿಸಾ ಸಿಕ್ಕಿತು. ಮದುವೆಯಾಗಿ ಹದಿನೇಳು ವರ್ಷ, ಅಷ್ಟೂ ವರ್ಷ ನಾನು ಗಲ್ಫಿನಲ್ಲೇ, ಇಲ್ಲಿಗೆ ಬರುವ ಮೊದಲು ಬೇರೆ ದೇಶದಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಊರಿಗೆ ಹೋಗುವುದು, ಅದರಲ್ಲೂ ಅರ್ಧ ನೆಂಟರ ಮನೆಯ ಊಟಕ್ಕೆ. ಹದಿನೇಳು ವರ್ಷದಲ್ಲಿ ನಾವು ಒಟ್ಟಿಗಿದ್ದ ದಿನಗಳೆಷ್ಟು ಎಂದು ಕೂಡಿಸಿ ನೋಡುವ ಧೈರ್ಯ, ಅಕೌಂಟೆಂಟ್ ಆಗಿದ್ದೂ, ನನಗೆ ಬಂದಿಲ್ಲ. ಹತ್ತನೇ ಕ್ಲಾಸಿನ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಅವಳು ಹೊರಟು ನಿಂತಳು. ನನಗೆ ಬೇಕಾದದ್ದು ದೊಡ್ಡದೇನಲ್ಲ. ಮೂರು ತಿಂಗಳು ಗಂಡ ಹೆಂಡತಿ ಒಂದೇ ಸೂರಿನಡಿ, ನೆಂಟರಿಲ್ಲದೆ, ರಜೆ ಮುಗಿಯುವ ದಿನದ ಹೆದರಿಕೆಯಿಲ್ಲದೆ ಇರಬೇಕು. ಅಬೂ ರಾಶಿದ್ ವಿಸಾದ ಕಾಗದಕ್ಕೆ ಸಂತೋಷದಿಂದ ಸಹಿ ಹಾಕಿದ. ಪರವಾನಗಿ ಕೇಳಿದೆ. ಬುಕ್ರಾ.

ರುಕಿಯಾ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. (ನಾವು ಮಾತಾಡುವುದು ಬ್ಯಾರಿ ಭಾಷೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) "ಮನೆಗೆ ಜಗಲಿ ಉಂಟಲ್ಲ?" ಎಷ್ಟು ಕೋಣೆ ಎಂದು ಕೇಳಲಿಲ್ಲ, ಅಡುಗೆಮನೆ ಹೇಗಿದೆ ಎಂದು ಕೇಳಲಿಲ್ಲ. "ಉಂಟು" ಎಂದುಬಿಟ್ಟೆ. ನಮ್ಮ ಬಂಟ್ವಾಳದ ಕಡೆ ಜಗಲಿ ಇಲ್ಲದ್ದು ಮನೆಯೇ ಅಲ್ಲ. ಗುಡಿಸಲಾದರೂ ಮುಂದೆ ಮೊಣಕಾಲೆತ್ತರದ ಒಂದು ಕಟ್ಟೆ, ಕೆಂಪು ಸಾರಣೆ, ಅದಕ್ಕೆ ಹೊಳಪು ಇರಲೇಬೇಕು. ಹೆಣ್ಣು ನೋಡಲು ಹೋದವರು ಹುಡುಗಿಗಿಂತ ಮೊದಲು ಜಗಲಿ ನೋಡುತ್ತಾರೆ, ಕೂತುಕೊಳ್ಳಬೇಕಲ್ಲ. ರುಕಿಯಾ ಮದುವೆಗೆ ಮೊದಲು ಬೀಡಿ ಕಟ್ಟುತ್ತಿದ್ದದ್ದು ಜಗಲಿಯಲ್ಲೇ, ಮಗಳಿಗೆ ಅಕ್ಷರ ಕಲಿಸಿದ್ದು ಜಗಲಿಯಲ್ಲೇ, ನಾನು ಟ್ಯಾಕ್ಸಿ ಹತ್ತಿ ಏರ್‌ಪೋರ್ಟಿಗೆ ಹೊರಟಾಗಲೆಲ್ಲ ತಿರುಗಿ ನೋಡಿದರೆ ಅವಳು ನಿಂತಿರುತ್ತಿದ್ದದ್ದೂ ಅಲ್ಲೇ. ಅಂಥವಳಿಗೆ ಇಲ್ಲ ಎನ್ನುವುದು ಹೇಗೆ? ಮನೆ ಇಲ್ಲವೆಂದು ಬೇಕಾದರೆ ಹೇಳಬಹುದಿತ್ತು.

ಪಕ್ಕದ ಪಟ್ಟಣ ಬುರೈದಾದಲ್ಲಿ ಭಟ್ಕಳದ ಇಕ್ಬಾಲ್ ಸಾಹೇಬರ ಹಾರ್ಡ್‌ವೇರ್ ಅಂಗಡಿ. ಹೋಗಿ ಸಿಮೆಂಟ್ ಬ್ಲಾಕು, ಸಿಮೆಂಟು, ಕೆಂಪು ಆಕ್ಸೈಡ್ ಪುಡಿ ಕೇಳಿದೆ.

"ಎಲ್ಲಿಗೆ ಇದೆಲ್ಲ?" ಎಂದರು.

"ತೋಟದ ಗೋದಾಮಿಗೆ."

"ಗೋದಾಮಿಗೆ ರೆಡ್ ಆಕ್ಸೈಡಾ?" ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೋದಾಮಿಗೆ ಮನೆಯವರು ಬರ್ತಾ ಇದ್ದಾರಾ?"

ನಾಚಿಕೆಯಾಯಿತು. ಪುಡಿಯನ್ನು ಒಂದು ಪೊಟ್ಟಣ ಜಾಸ್ತಿಯೇ ಹಾಕಿಕೊಟ್ಟರು. "ಆದರೆ ಒಂದು ಮಾತು ಕೇಳಿ. ಈ ದೇಶದಲ್ಲಿ ನೆಲಕ್ಕೆ ಸಿಮೆಂಟು ತಾಗಿಸಬೇಡಿ. ನಾವು ಮೂವತ್ತು ವರ್ಷದಿಂದ ಸಿಮೆಂಟು ಮಾರ್ತಾ ಇದ್ದೇವೆ, ನಮಗೆಂದು ಒಂದು ಮುಷ್ಟಿಯೂ ಬಳಸಿಲ್ಲ" ಎಂದರು. ಅನುಭವಸ್ಥರು ಹೇಳುವ ಬುದ್ಧಿಮಾತನ್ನು ನಾನು ಯಾವಾಗಲೂ ತಲೆ ಅಲ್ಲಾಡಿಸಿ ಕೇಳುತ್ತೇನೆ. ಕೇಳಿದೆ.

ನಾನು ಮತ್ತು ಮುನೀರ್ ಭಾಯಿ ಎರಡು ಶುಕ್ರವಾರ ಕೂತು ಜಗಲಿ ಕಟ್ಟಿದೆವು. ಹತ್ತಡಿ ಉದ್ದ, ನಾಲ್ಕಡಿ ಅಗಲ, ಹತ್ತಲು ಎರಡು ಮೆಟ್ಟಿಲು. ಸೀಸನ್ ಮುಗಿದು ಶೆಡ್ಡು ಖಾಲಿಯಾಗಿತ್ತು, ನೋಡುವವರು ಯಾರೂ ಇರಲಿಲ್ಲ. ಸಾರಣೆ ಒಣಗಿದ ಮೇಲೆ ನಾನು ಮಂಡಿಯೂರಿ ಅದನ್ನು ಬಟ್ಟೆಯಿಂದ ಉಜ್ಜಿ ಉಜ್ಜಿ ಹೊಳಪು ತಂದೆ. "ಪೆಟ್ಟಿಗೆಗೆ ಇಷ್ಟು ಚಂದದ ಕಟ್ಟೆಯೇ?" ಎಂದು ಮುನೀರ್ ಭಾಯಿ ಹಿಂದಿಯಲ್ಲಿ ಹೇಳಿ ನಕ್ಕರು. ಗೊಬ್ಬರದ ಚೀಲ, ಪೈಪು, ಪೆಟ್ಟಿಗೆ ಎಲ್ಲವನ್ನೂ ಆಡುಗಳ ಕೊಟ್ಟಿಗೆಯ ಹಿಂದೆ ಸಾಗಿಸಿದೆವು. ಗೋದಾಮಿನೊಳಗೆ ಗೋದಾಮಿನದ್ದು ಏನೂ ಉಳಿಯಲಿಲ್ಲ.

ರುಕಿಯಾ ದುಬೈ ಮಾರ್ಗವಾಗಿ ಬುರೈದಾಕ್ಕೆ ಬಂದಿಳಿದಳು. ತೋಟಕ್ಕೆ ಬಂದು ಕಾರಿನಿಂದ ಇಳಿದವಳು ಕ್ಯಾರವಾನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಎಂತ ಮಾರಾಯ್ರೆ, ಇದು ಲಾರಿಯದ್ದು ಹಿಂದಿನ ಭಾಗವಾ?" ಎಂದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಚಪ್ಪಲಿ ಬಿಟ್ಟು ಎರಡು ಮೆಟ್ಟಿಲು ಹತ್ತಿ ಜಗಲಿಯಲ್ಲಿ ಕೂತಳು. ಅಂಗೈಯಿಂದ ಒಮ್ಮೆ ನೆಲ ಸವರಿದಳು. "ಇದು ಮಾತ್ರ ಲಾಯ್ಕ ಉಂಟು" ಎಂದಳು. ಸಂತೋಷದಿಂದ ನನಗೆ ಅಳು ಬಂತು, ಸೂಟ್‌ಕೇಸು ಇಳಿಸುವ ನೆಪದಲ್ಲಿ ಕಾರಿನ ಹಿಂದೆ ಹೋದೆ.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಚಳಿಗಾಲ, ಎ.ಸಿ. ಬೇಕಿರಲಿಲ್ಲ, ಹಾಗಾಗಿ ಮಾತು ಕೇಳಿಸುತ್ತಿತ್ತು. ಬೆಳಿಗ್ಗೆ ಜಗಲಿಯಲ್ಲಿ ಬಿಸಿಲಿಗೆ ಕೂತು ಚಾ ಕುಡಿಯುತ್ತಿದ್ದೆವು. ಅವಳು ಮುನೀರ್ ಭಾಯಿಗೆ ನೀರುದೋಸೆ ಕಳಿಸಿದಳು, ಆಡುಗಳಿಗೆ ಹೆಸರಿಟ್ಟಳು, ಕಿಟಕಿಗೆ ಪರದೆ ಹೊಲಿದಳು. ನಮ್ಮ ನಡುವೆ ಎರಡು ಜಗಳವೂ ಆಯಿತು. ಹದಿನೇಳು ವರ್ಷದಲ್ಲಿ ನಾವು ಸಮಾಧಾನವಾಗಿ ಜಗಳವಾಡಿದ್ದು ಅದೇ ಮೊದಲು. ರಜೆಯಲ್ಲಿ ಹೋದಾಗ ಜಗಳಕ್ಕೆಲ್ಲ ಸಮಯ ಎಲ್ಲಿರುತ್ತದೆ?

ಹದಿನಾರನೆಯ ದಿನ ಬೆಳಿಗ್ಗೆ ಮುನೀರ್ ಭಾಯಿ ಬಕೆಟು ಬಡಿದರು.

ಏಳು ವರ್ಷದ ಅಭ್ಯಾಸ, ಕಾಲು ತಾನಾಗಿ ಓಡಿತು. ಹಾಸಿಗೆ ಸುತ್ತಿದೆ, ಪರದೆ ಕಿತ್ತೆ, ದೋಸೆ ಕಾವಲಿ ಮಂಚದ ಅಡಿಗೆ ತಳ್ಳಿದೆ. ಚೀಲಗಳನ್ನು ಮುನೀರ್ ಭಾಯಿ ಕೈಗಾಡಿಯಲ್ಲಿ ತಂದು ಸುರಿದರು. ರುಕಿಯಾ ಸೌಟು ಹಿಡಿದು ನಡುವೆ ನಿಂತಿದ್ದಳು. ಈ ಕಸರತ್ತಿನ ಬಗ್ಗೆ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಉಳಿದದ್ದೆಲ್ಲ ಅಡಗಿಸಿ ಆದ ಮೇಲೆ ಅಡಗಿಸಲು ಬಾಕಿ ಇದ್ದದ್ದು ಅವಳೊಬ್ಬಳೇ.

"ಸ್ವಲ್ಪ ಹೊತ್ತು ಪಂಪಿನ ಕೋಣೆಯಲ್ಲಿ ಕೂತುಕೋ" ಎಂದೆ.

"ಯಾಕೆ?"

"ಆಮೇಲೆ ಹೇಳ್ತೇನೆ. ಬೇಗ."

ಹಿಂದಿನ ಬಾಗಿಲಿಲ್ಲದ ಮನೆ. ಮುಂದಿನ ಬಾಗಿಲಿನಿಂದಲೇ ಹೊರಟು, ಅವಸರದಲ್ಲಿ ಬರಿಗಾಲಿನಲ್ಲಿ, ಅಬಾಯಾ ಎತ್ತಿ ಹಿಡಿದು ಓಡಿದಳು. ಕಾನೂನಿನ ಪ್ರಕಾರ ಈ ದೇಶಕ್ಕೆ ಬಂದ, ಪಾಸ್‌ಪೋರ್ಟಿನಲ್ಲಿ ವಿಸಾ ಇರುವ ನನ್ನ ಹೆಂಡತಿಯನ್ನು ನಾನು ಕಳ್ಳಮಾಲಿನಂತೆ ಸಾಗಿಸಿದೆ.

ಬಂದ ಅಧಿಕಾರಿ ಹೊಸಬ, ಚಿಕ್ಕ ವಯಸ್ಸಿನವನು, ಬಹಳ ಮರ್ಯಾದೆಯವನು. ಸಲಾಂ ಹೇಳಿ ಕ್ಷೇಮ ವಿಚಾರಿಸಿದ. ಯಾರು ವಾಸ ಎಂದು ಕೇಳಿದ. "ಮಾ ಫೀ ನಫರ್" ಎಂದೆ. ಇದೇನು ಎಂದು ಜಗಲಿ ತೋರಿಸಿದ. ಖರ್ಜೂರ ಒಣಗಿಸಲು ಎಂದೆ. ಡಿಸೆಂಬರಿನಲ್ಲಿ ಯಾವ ಖರ್ಜೂರ ಎಂದು ಅವನು ಕೇಳಲಿಲ್ಲ, ಅಷ್ಟು ಮರ್ಯಾದೆ. ಒಳಗೆ ನೋಡುತ್ತೇನೆ ಎಂದು ಮೆಟ್ಟಿಲ ಬಳಿ ಬಂದ. ಕೆಂಪಗೆ ಹೊಳೆಯುವ ನೆಲ ನೋಡಿದ. ನೋಡಿದವನೇ ಚಪ್ಪಲಿ ಬಿಟ್ಟ.

ತಾನು ಮಾಡಿದ್ದೇನೆಂದು ಅವನಿಗೂ ಆಮೇಲೆ ಗೊತ್ತಾಯಿತು. ಒಂದು ಕಾಲು ಜಗಲಿಯ ಮೇಲಿಟ್ಟವನು ಹಾಗೆಯೇ ನಿಂತು ತನ್ನ ಬರಿಗಾಲು ನೋಡಿಕೊಂಡ. ಗೋದಾಮಿಗೆ ಹೋಗುವಾಗ ಯಾರೂ ಚಪ್ಪಲಿ ಬಿಡುವುದಿಲ್ಲ. ಅಲ್ಲಿಂದ ಅವನ ಕಣ್ಣು ಬಿಟ್ಟ ಚಪ್ಪಲಿಯ ಕಡೆಗೆ ಹೋಯಿತು. ಅದರ ಪಕ್ಕದಲ್ಲಿ, ಬಂಟ್ವಾಳದ ಪದ್ಧತಿಯಂತೆ ಒಂದಕ್ಕೊಂದು ತಾಗಿಸಿ ಇಟ್ಟ, ನೀಲಿ ಪಟ್ಟಿಯ ಹೆಂಗಸರ ಚಪ್ಪಲಿ. ಎಲ್ಲ ಅಡಗಿಸಿದ್ದೆ, ಅದನ್ನು ಅಡಗಿಸಬೇಕೆಂದು ಹೊಳೆದಿರಲಿಲ್ಲ. ನಮ್ಮಲ್ಲಿ ಜಗಲಿಯ ಕೆಳಗಿನ ಚಪ್ಪಲಿ ಕಣ್ಣಿಗೇ ಬೀಳುವುದಿಲ್ಲ.

ಅವನು ಒಳಗೆ ಹೋಗಲಿಲ್ಲ. ಒಳಗೆ ಹೆಂಗಸರಿರುವ ಮನೆ ಎಂದು ತಿರುಗಿ ನಿಂತ. "ಅಣ್ಣಾ, ತಗಡಿನ ಪೆಟ್ಟಿಗೆಯನ್ನು ಗೋದಾಮು ಎಂದು ಬರೆದುಕೊಂಡು ಹೋಗಬಹುದಿತ್ತು" ಎಂದ. "ಇದು ಮನೆ. ನನ್ನ ಕೈಯಲ್ಲಿ ಇಲ್ಲ." ನಿಂತಲ್ಲೇ ನೋಟಿಸು ಬರೆದ. ಹತ್ತು ದಿನದೊಳಗೆ ಕ್ಯಾರವಾನ್ ಎತ್ತಬೇಕು, ಜಗಲಿ ಒಡೆಯಬೇಕು. ಅದರಲ್ಲಿ ವಾಸಿಸುವವನ ಹೆಸರು ಎಂಬಲ್ಲಿ ನನ್ನ ಇಕಾಮಾ, ಅಂದರೆ ಇಲ್ಲಿಯ ಗುರುತಿನ ಚೀಟಿ, ನೋಡಿ ನನ್ನ ಹೆಸರು ಬರೆದ. ಏಳು ವರ್ಷದಲ್ಲಿ ನಾನು ಅಲ್ಲಿ ಇದ್ದೇನೆಂದು ಹೇಳುವ ಮೊದಲ ಸರಕಾರಿ ಕಾಗದ ಅದು.

ಪಂಪಿನ ಕೋಣೆಗೆ ಹೋದೆ. ರುಕಿಯಾ ಡೀಸೆಲ್ ಡಬ್ಬದ ಮೇಲೆ ಕೂತಿದ್ದಳು, ಸೌಟು ಇನ್ನೂ ಕೈಯಲ್ಲೇ ಇತ್ತು.

"ಅವನಿಗೆ ಎಂತ ಹೇಳಿದ್ರಿ ನೀವು? ಮಾಫಿ ಮಾಫಿ ಅಂತ ಕೇಳಿಸಿತು."

"ಇಲ್ಲಿ ಯಾರೂ ಇಲ್ಲ ಅಂತ."

ಸೌಟನ್ನು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಬಗ್ಗೆ ಹೇಳಿದ್ದಾ, ನಿಮ್ಮ ಬಗ್ಗೆಯಾ?"

"ನಾನು ಯಾವಾಗಲೂ ಹಾಗೇ ಹೇಳುವುದು" ಎಂದೆ. ಸಮಾಧಾನವಾಗಲಿ ಎಂದು ಹೇಳಿದ ಮಾತು. ಅದನ್ನು ಕೇಳಿ ಅವಳು ಅತ್ತಳು. ತನ್ನನ್ನು ಅಡಗಿಸಿದ್ದಕ್ಕೆ ಬಂದ ಸಿಟ್ಟನ್ನೆಲ್ಲ ಬಿಟ್ಟು, ನನಗಾಗಿ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಬೂ ರಾಶಿದ್ ನೋಟಿಸು ಓದಿ ತಲೆ ಚಚ್ಚಿಕೊಂಡ. "ಪರವಾನಗಿ ಇಲ್ಲದೆ ಕಟ್ಟು ಎಂದು ನಿನಗೆ ಯಾರು ಹೇಳಿದರು?" ಎಂದು ಕೇಳಿದ. ನಿಜವಾಗಿಯೂ ಬೇಸರದಿಂದ ಕೇಳಿದ. ಎರಡು ತಿಂಗಳಿಗೆಂದು ಊರೊಳಗೆ ಯಾರೂ ಮನೆ ಕೊಡುವುದಿಲ್ಲ, ಆರು ತಿಂಗಳ ಕರಾರು ಬೇಕು. ಶೆಡ್ಡಿನ ಕೆಲಸಗಾರರಿಗೆಂದು ಅಬೂ ರಾಶಿದ್ ಊರೊಳಗೆ ಇಟ್ಟಿದ್ದ ಗಂಡಸರ ರೂಮಿಗೆ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಇಕ್ಬಾಲ್ ಸಾಹೇಬರು ತಮ್ಮ ಮನೆಗೆ ಕರೆದರು. ರುಕಿಯಾ ಒಪ್ಪಲಿಲ್ಲ. "ನೆಂಟರ ಮನೆಯಲ್ಲಿ ಕೂರ್ಲಿಕ್ಕೆ ಇಲ್ಲಿತನಕ ಬರಬೇಕಿತ್ತಾ?" ಎಂದಳು. ಇಪ್ಪತ್ತಾರನೆಯ ದಿನ ಅವಳನ್ನು ವಿಮಾನ ಹತ್ತಿಸಿದೆ. ಟಿಕೆಟ್ ಅಬೂ ರಾಶಿದ್ ತಾನೇ ಕೊಡಿಸಿದ, ಮಗಳಿಗೆಂದು ಎರಡು ಪೆಟ್ಟಿಗೆ ಒಳ್ಳೆಯ ಖರ್ಜೂರವನ್ನೂ ಕೊಟ್ಟ. ಶುಕ್ರನ್ ಎಂದೆ, ಉಪಕಾರವಾಯಿತು ಎಂದು. ಬೇರೆ ಏನು ಹೇಳಬೇಕಿತ್ತೋ ಅದು ಇವತ್ತಿಗೂ ಹೊಳೆದಿಲ್ಲ.

ಕ್ರೇನು ಬಂದು ಕ್ಯಾರವಾನನ್ನು ಎತ್ತಿಕೊಂಡು ಹೋಯಿತು. ಜಗಲಿಯನ್ನು ಮರುದಿನ ಒಡೆಯುವುದೆಂದಿತ್ತು. ಆ ಸಂಜೆ ಅಬೂ ರಾಶಿದ್ ತೋಟಕ್ಕೆ ಬಂದವನು, ಕೂರಲು ಬೇರೆ ಜಾಗವಿಲ್ಲದೆ ಅದರ ಮೇಲೆ ಕೂತ. ಕಾಫಿ ತರಿಸಿದ. ಇನ್ನೊಂದು ಲೋಟ ತರಿಸಿದ. ತಂಪಾಗಿದೆ, ಚೆನ್ನಾಗಿದೆ, ಇದು ಯಾವ ಬಣ್ಣ ಎಂದೆಲ್ಲ ಕೇಳಿದ. ನಮ್ಮ ಊರಿನದ್ದು ಎಂದೆ. ಮರುದಿನ ಒಡೆದದ್ದು ತೋಟದ್ದೇ ಬುಲ್ಡೋಜರಿನಿಂದ, ಹತ್ತು ನಿಮಿಷದ ಕೆಲಸ.

ಅದಾಗಿ ಒಂದು ತಿಂಗಳಿಗೆ ಅಬೂ ರಾಶಿದ್ ಅದೇ ಜಾಗದಲ್ಲಿ ವಾರದ ಕೊನೆಗೆ ಬರುವ ಅತಿಥಿಗಳಿಗೆಂದು ಒಂದು ವಿಶ್ರಾಂತಿ ಮನೆ ಕಟ್ಟಿಸಲು ಹೊರಟ. ಪರವಾನಗಿಗೆ ಅರ್ಜಿ ತುಂಬಿದವನು ನಾನು. ಮೂರು ವಾರದಲ್ಲಿ ಬಂತು. ಬುಕ್ರಾ ಎಂಬುದು ಅಷ್ಟು ಹತ್ತಿರದಲ್ಲಿತ್ತು. ಅದನ್ನೂ ಪ್ಲಾಸ್ಟಿಕ್ ಹಾಕಿಸಿ ಆಡುಗಳ ಕಾಗದದ ಹಿಂದೆ ಸೇರಿಸಿದೆ. ಮನೆ ಎದ್ದ ಮೇಲೆ ಅವನು ನನ್ನನ್ನು ಕರೆದು, "ಆ ನಿನ್ನ ಕೆಂಪು ಕಟ್ಟೆ ಇಲ್ಲಿ ಸುತ್ತ ಬೇಕು. ಈ ಊರಿನ ಮೇಸ್ತ್ರಿಗಳಿಗೆ ಗೊತ್ತಿಲ್ಲ, ನೀನೇ ಮಾಡಿಸು" ಎಂದ.

ಕೆಟ್ಟದಾಗಿ ಮಾಡಬೇಕೆಂದೇ ಹೊರಟೆ, ಸುಳ್ಳು ಹೇಳುವುದಿಲ್ಲ. ಸಿಮೆಂಟು ಕಡಿಮೆ ಹಾಕಬೇಕು, ವರ್ಷದೊಳಗೆ ಬಿರುಕು ಬಿಡಬೇಕು, ಅವನ ಅತಿಥಿಗಳ ಬಿಳಿ ನಿಲುವಂಗಿಗೆಲ್ಲ ಕೆಂಪು ಹತ್ತಬೇಕು ಎಂದು ಆ ಗಂಡಸರ ರೂಮಿನಲ್ಲಿ ಈಗ ನನ್ನದಾದ ಮೇಲಿನ ಮಂಚದಲ್ಲಿ ಮಲಗಿ ಯೋಜನೆ ಹಾಕಿದ್ದೆ. ಕೈ ಕೇಳಲಿಲ್ಲ. ಮೇಸ್ತ್ರಿ ಸಾರಣೆ ಮಾಡಿ ಹೋದ ಮೇಲೆ ಒಂದು ಮೂಲೆ ಸರಿಯಾಗಿಲ್ಲವೆಂದು ನಾನೇ ಮಂಡಿಯೂರಿ ಉಜ್ಜಲು ಶುರು ಮಾಡಿದವನು ಮೂರು ದಿನ ಅಲ್ಲಿಂದ ಏಳಲಿಲ್ಲ. ಮೊದಲಿನದಕ್ಕಿಂತ ನಾಲ್ಕು ಪಾಲು ಉದ್ದ, ಮುಖ ಕಾಣುವಷ್ಟು ಹೊಳಪು. ಮುನೀರ್ ಭಾಯಿ ನೋಡಿ ಈ ಸಲ ನಗಲಿಲ್ಲ.

ಫೋಟೋ ತೆಗೆದು ವಾಟ್ಸಾಪಿನಲ್ಲಿ ರುಕಿಯಾಳಿಗೆ ಕಳಿಸಿದೆ. ಯಾಕೆ ಕಳಿಸಿದೆನೋ ಗೊತ್ತಿಲ್ಲ, ಹೊಗಳಲಿ ಎಂದಿರಬೇಕು. "ಭಾರೀ ಲಾಯ್ಕ ಉಂಟು. ನೀವು ಅದರಲ್ಲಿ ಕೂತಿದ್ದೀರಾ?" ಎಂದು ಉತ್ತರ ಬಂತು. ದಿನಾ ಸಂಜೆ ಕೂರುತ್ತೇನೆ ಎಂದು ಬರೆದೆ. ಸಾರಣೆ ಗಟ್ಟಿಯಾಗುವವರೆಗೆ ಯಾರೂ ಕೂರಬಾರದೆಂದು ನಾನೇ ಅರಬಿಯಲ್ಲಿ ಬೋರ್ಡು ಬರೆದು ನಿಲ್ಲಿಸಿದ್ದೆ. ಗಟ್ಟಿಯಾದ ದಿನ ಅತಿಥಿಗಳು ಬಂದರು. ಅವರು ಬಿಟ್ಟ ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಜೋಡಿಸಿಟ್ಟು ನಾನು ಶೆಡ್ಡಿಗೆ ಹೋದೆ.